ಕಾಲ್ಚೆಂಡಾಟದ ಕಟ್ಟೆಯಲ್ಲಿ ಪಂಕ್ತಿಭೇದ

ನಮ್ಮ ವಾಚನಾಲಯಕ್ಕೆ ಬರುವ ವೃತ್ತಪತ್ರಿಕೆಗಳಲ್ಲಿ ಮೊದಲು ಸವೆಯುವುದು ಕೊನೆಯ ಪುಟ. ಅದರಲ್ಲಿ ಕ್ರಿಕೆಟ್ಟಿನ ಸುದ್ದಿಯ ಜೊತೆಗೆ ಇಂಗ್ಲೆಂಡಿನ ಕಾಲ್ಚೆಂಡಾಟದ ಸುದ್ದಿಯನ್ನೂ ಅಷ್ಟೇ ಆಸ್ಥೆಯಿಂದ ಓದುವ ತರುಣರು ನಮ್ಮಲ್ಲಿ ಈಗ ಬಹಳ ಮಂದಿ ಇದ್ದಾರೆ. ಮ್ಯಾಂಚೆಸ್ಟರ್, ಲಿವರ್‌ಪೂಲ್, ಆರ್ಸೆನಲ್ ಎಂಬ ಹೆಸರುಗಳು ಅವರಿಗೆ ಹುಬ್ಬಳ್ಳಿ, ಧಾರವಾಡ, ಉಡುಪಿಗಳಷ್ಟೇ ಪರಿಚಿತ. ಆದರೆ ಆ ಸುದ್ದಿಗಳ ನಡುವೆ 'ಕಾರ್ಪೊರೇಟ್ ಹಾಸ್ಪಿಟಾಲಿಟಿ', 'ಟೂರಿಸ್ಟ್ ಅಭಿಮಾನಿಗಳು', 'ಸಿಗಡಿ ಸ್ಯಾಂಡ್‌ವಿಚ್ಚಿನ ಮಂದಿ' ಎಂಬ ಮಾತುಗಳು ಪದೇಪದೇ ಬರುತ್ತವೆ. ಇವುಗಳ ಅರ್ಥವೇನು, ಆಟ ನೋಡುವ ಜಾಗದಲ್ಲಿ ಊಟದ ಮಾತೇಕೆ, ಇದರಿಂದ ಯಾರಿಗೆ ಲಾಭ, ಯಾರಿಗೆ ನಷ್ಟ ಎಂಬುದನ್ನು ತಿಳಿದಮಟ್ಟಿಗೆ ವಿವರಿಸುವುದು ಈ ಲೇಖನದ ಉದ್ದೇಶ.

ಸಂಕ್ಷೇಪವಾಗಿ ಹೇಳುವುದಾದರೆ ಇದು ಪಂಕ್ತಿಭೇದದ ಪ್ರಶ್ನೆ. ಒಂದೇ ಚಪ್ಪರದ ಕೆಳಗೆ ಒಂದು ಸಾಲಿಗೆ ಬೆಳ್ಳಿಯ ತಟ್ಟೆ, ಇನ್ನೊಂದು ಸಾಲಿಗೆ ಹರಿದ ಎಲೆ ಹಾಕುವ ಮದುವೆಮನೆಗಳನ್ನು ನಾವೆಲ್ಲ ಕಂಡಿದ್ದೇವೆ. ಇಂಗ್ಲೆಂಡಿನ ಆಟದ ಬಯಲಿನಲ್ಲಿ ಅದೇ ನಡೆದಿದೆ. ಅಲ್ಲಿನ ವಿಶೇಷವೇನೆಂದರೆ, ಆ ಚಪ್ಪರವನ್ನು ಹಾಕಿದವರೇ ಈಗ ಹೊರಗೆ ನಿಲ್ಲುವ ಹಾಗಾಗಿದೆ.

ಚಪ್ಪರ ಹಾಕಿದವರು ಯಾರು?

ಗಿರಣಿಯಲ್ಲಿ ದುಡಿಯುವವರಿಗೆ ಈ ಚರಿತ್ರೆ ರುಚಿಸದೆ ಇರದು. ಇಂದಿನ ರೂಪದ ಕಾಲ್ಚೆಂಡಾಟಕ್ಕೆ ನಿಯಮಗಳನ್ನು ಬರೆದವರು ಇಂಗ್ಲೆಂಡಿನ ದೊಡ್ಡ ಶಾಲೆಗಳಲ್ಲಿ ಓದಿದ ಶ್ರೀಮಂತರ ಮಕ್ಕಳು. ಆದರೆ ಅದನ್ನು ಲಕ್ಷಾಂತರ ಜನರ ಆಟವನ್ನಾಗಿ ಮಾಡಿದವರು ಗಿರಣಿ, ಗಣಿ, ರೈಲ್ವೆ, ಹಡಗುಕಟ್ಟೆಗಳ ಕೆಲಸಗಾರರು. 1850ರ ಕಾರ್ಖಾನೆ ಕಾಯದೆಯ ಪ್ರಕಾರ ಬಟ್ಟೆ ಗಿರಣಿಗಳಲ್ಲಿ ಹೆಂಗಸರ ಮತ್ತು ಎಳೆಯರ ಕೆಲಸ ಶನಿವಾರ ಮಧ್ಯಾಹ್ನ 2 ಗಂಟೆಗೆ ಮುಗಿಯಬೇಕಾಯಿತು. ಅವರಿಲ್ಲದೆ ಗಿರಣಿ ನಡೆಯದು. ಆದುದರಿಂದ ಗಂಡಸರಿಗೂ ಕ್ರಮೇಣ ಆ ಅರ್ಧ ದಿನದ ಬಿಡುವು ದೊರೆಯಿತು. ಗಿರಣಿ ಬಿಟ್ಟು, ಕೈಕಾಲು ತೊಳೆದು, ಬಯಲಿಗೆ ನಡೆದುಬರುವಷ್ಟರಲ್ಲಿ 3 ಗಂಟೆ. ಇಂಗ್ಲೆಂಡಿನಲ್ಲಿ ಶನಿವಾರ 3 ಗಂಟೆಗೆ ಆಟ ಆರಂಭಿಸುವ ಪದ್ಧತಿ ಬೆಳೆದುಬಂದದ್ದು ಹೀಗೆ. ನಮ್ಮ ದೂರದರ್ಶನದ ಪರದೆಯ ಮೇಲೆ ಅದು ಚಳಿಗಾಲದಲ್ಲಿ ರಾತ್ರಿ ಎಂಟೂವರೆಗೆ ಕಾಣಿಸುವ ಆಟ.

1883ರಲ್ಲಿ ಬ್ಲ್ಯಾಕ್‌ಬರ್ನ್ ಒಲಿಂಪಿಕ್ ಎಂಬ ತಂಡವು ಎಫ್.ಎ. ಕಪ್ಪಿನ ಅಂತಿಮ ಪಂದ್ಯದಲ್ಲಿ ಈಟನ್ ಶಾಲೆಯ ಹಳೆಯ ವಿದ್ಯಾರ್ಥಿಗಳ ತಂಡವನ್ನು 2-1ರಿಂದ ಸೋಲಿಸಿತು. ಗೆದ್ದ ತಂಡದಲ್ಲಿ ನೂಲುವವರೂ ನೇಯುವವರೂ ಇದ್ದರು. ಸೋತವರು ನಾಡನ್ನಾಳುವ ಮನೆತನಗಳವರು. 1888ರಲ್ಲಿ 12 ಕ್ಲಬ್ಬುಗಳು ಸೇರಿ ಫುಟ್‌ಬಾಲ್ ಲೀಗನ್ನು ಸ್ಥಾಪಿಸಿದಾಗ ಅವುಗಳಲ್ಲಿ ಆರು ಲ್ಯಾಂಕಶೈರ್ ಸೀಮೆಯವು. ಆ ಸೀಮೆಗೂ ನಮಗೂ ಹಳೆಯ ನಂಟುಂಟು. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದಾಗಿ ಅಲ್ಲಿಂದ ಹತ್ತಿ ಬರುವುದು ನಿಂತಾಗ ಲ್ಯಾಂಕಶೈರಿನ ಗಿರಣಿಗಳು ಕಣ್ಣಿಟ್ಟ ಹತ್ತಿಯಲ್ಲಿ ನಮ್ಮ ಧಾರವಾಡ ಸೀಮೆಯದೂ ಸೇರಿತ್ತು.

ಇಂದು ಜಗತ್ಪ್ರಸಿದ್ಧವಾದ ಕ್ಲಬ್ಬುಗಳ ಜಾತಕವೂ ಹೀಗೆಯೇ. ಮ್ಯಾಂಚೆಸ್ಟರ್ ಯುನೈಟೆಡ್ ಹುಟ್ಟಿದ್ದು 1878ರಲ್ಲಿ, ನ್ಯೂಟನ್ ಹೀತ್ ಎಂಬಲ್ಲಿ ರೈಲು ಡಬ್ಬಿಗಳನ್ನು ಕಟ್ಟುವ ಕಾರಖಾನೆಯ ಕೆಲಸಗಾರರಿಂದ. ಆರ್ಸೆನಲ್ ಹುಟ್ಟಿದ್ದು 1886ರಲ್ಲಿ, ವೂಲಿಚ್‌ನ ಮದ್ದುಗುಂಡಿನ ಕಾರಖಾನೆಯವರಿಂದ. ವೆಸ್ಟ್ ಹ್ಯಾಮ್ ಕ್ಲಬ್ಬಿನ ಮೂಲ 1895ರಲ್ಲಿ ಥೇಮ್ಸ್ ನದಿಯ ಹಡಗು ಕಟ್ಟುವವರು ಸ್ಥಾಪಿಸಿದ ತಂಡ. ಈ ಬಯಲುಗಳ ಸುತ್ತ ಮೆಟ್ಟಿಲು ಮೆಟ್ಟಿಲಾದ ಕಟ್ಟೆಗಳಿದ್ದವು. ಅಲ್ಲಿ ಕುರ್ಚಿಯಿಲ್ಲ, ಭುಜಕ್ಕೆ ಭುಜ ತಾಗಿಸಿ ನಿಂತು, ಹಾಡಿ, ಕೂಗಿ, ಬೈದು, ಹರಸಿ ಜನ ಆಟ ನೋಡುತ್ತಿದ್ದರು. ತಂದೆಯ ಕೈಹಿಡಿದು ಬಂದ ಮಗು ಮುಂದೆ ತನ್ನ ಮಗುವಿನ ಕೈಹಿಡಿದು ಅದೇ ಕಟ್ಟೆಗೆ ಬರುತ್ತಿತ್ತು.

ಕಟ್ಟೆ ಹೋಗಿ ಕುರ್ಚಿ ಬಂದದ್ದು

1989ರ ಏಪ್ರಿಲ್ 15ರಂದು ಶೆಫೀಲ್ಡಿನ ಹಿಲ್ಸ್‌ಬರೊ ಬಯಲಿನಲ್ಲಿ ಘೋರವಾದ ದುರಂತ ಸಂಭವಿಸಿತು. ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡಗಳ ಪಂದ್ಯ. ಬೇಲಿಗಳಿಂದ ಸುತ್ತುವರಿದ ಕಟ್ಟೆಯೊಳಕ್ಕೆ ಮಿತಿಮೀರಿ ಜನರನ್ನು ಬಿಟ್ಟದ್ದರಿಂದ ನೂಕುನುಗ್ಗಲಾಗಿ, ಒಟ್ಟು 97 ಮಂದಿ ಲಿವರ್‌ಪೂಲ್ ಅಭಿಮಾನಿಗಳು ಪ್ರಾಣ ಕಳೆದುಕೊಂಡರು. ಬಹುಕಾಲ ಅವರ ಮೇಲೆಯೇ ತಪ್ಪು ಹೊರಿಸಲಾಗಿತ್ತು. 2016ರಲ್ಲಿ ಮರಣ ವಿಚಾರಣೆಯ ಜ್ಯೂರಿಯು, ಅಭಿಮಾನಿಗಳ ತಪ್ಪೇನೂ ಇರಲಿಲ್ಲ, ಇದು ಕಾನೂನುಬಾಹಿರವಾಗಿ ಆದ ಪ್ರಾಣಹಾನಿ ಎಂದು ತೀರ್ಮಾನವಿತ್ತಿತು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ ನೂಕುನುಗ್ಗಲಿನಲ್ಲಿ 11 ಮಂದಿ ಸತ್ತದ್ದನ್ನು ನೆನೆದರೆ, ಆ ಊರಿನ ನೋವು ಎಂಥದೆಂಬುದು ನಮಗೂ ಅರಿವಾದೀತು.

ಹಿಲ್ಸ್‌ಬರೊ ದುರಂತದ ವಿಚಾರಣೆ ನಡೆಸಿದ ನ್ಯಾಯಾಧೀಶ ಟೇಲರ್ ಅವರು 1990ರ ಜನವರಿಯಲ್ಲಿ ಅಂತಿಮ ವರದಿ ಕೊಟ್ಟರು. ದೊಡ್ಡ ಬಯಲುಗಳಲ್ಲಿ ನಿಲ್ಲುವ ಕಟ್ಟೆ ತೆಗೆದು ಎಲ್ಲರಿಗೂ ಕುರ್ಚಿ ಹಾಕಬೇಕೆಂಬುದು ಅವರ ಮುಖ್ಯ ಸಲಹೆ. ಕುರ್ಚಿ ಬಂದರೆ ಬಡವರಿಗೆ ಟಿಕೇಟು ಎಟುಕದೆ ಹೋದೀತೆಂಬ ಆತಂಕವನ್ನೂ ಅವರು ಗಮನಿಸದೆ ಬಿಡಲಿಲ್ಲ. ಸ್ಕಾಟ್ಲೆಂಡಿನ ಐಬ್ರಾಕ್ಸ್ ಬಯಲಿನಲ್ಲಿ ನಿಲ್ಲಲು 4 ಪೌಂಡು, ಕುಳಿತುಕೊಳ್ಳಲು 6 ಪೌಂಡು ಇದೆ. ಹೀಗೆಯೇ ನಿಂತು ನೋಡುತ್ತಿದ್ದವರ ಜೇಬಿಗೆ ಒಗ್ಗುವಂತೆ ದರ ಇಡಬಹುದು ಎಂದು ಅವರು ಬರೆದರು. ಕ್ಲಬ್ಬುಗಳು ವರದಿಯ ಅರ್ಧವನ್ನು ಮಾತ್ರ ಪಾಲಿಸಿದವು. 1994ರ ಹೊತ್ತಿಗೆ ದೊಡ್ಡ ಕ್ಲಬ್ಬುಗಳಲ್ಲಿ ಕುರ್ಚಿ ಬಂದವು. ಜೇಬಿನ ಮಾತು ಕಡತದಲ್ಲಿಯೇ ಉಳಿಯಿತು.

ಈ ನಡುವೆ 1992ರಲ್ಲಿ ದೊಡ್ಡ ಕ್ಲಬ್ಬುಗಳು ಬೇರೆಯಾಗಿ ಪ್ರೀಮಿಯರ್ ಲೀಗನ್ನು ಕಟ್ಟಿಕೊಂಡವು. ಆಟವನ್ನು ದೂರದರ್ಶನದಲ್ಲಿ ತೋರಿಸುವ ಹಕ್ಕಿಗೆ ಐದು ವರ್ಷಕ್ಕೆ ಸುಮಾರು 30 ಕೋಟಿ ಪೌಂಡಿನ ಒಪ್ಪಂದವಾಯಿತು. ಮೈದಾನಗಳು ಸ್ವಚ್ಛವಾದವು, ಹೊಡೆದಾಟಗಳು ತಗ್ಗಿದವು, ಹೆಂಗಸರು ಮಕ್ಕಳು ನಿರ್ಭಯವಾಗಿ ಬರುವಂತಾಯಿತು. ಇದೆಲ್ಲ ಒಳ್ಳೆಯದೇ, ಹಳೆಯದೆಲ್ಲ ಚಿನ್ನವೆಂದು ನಾವು ಹೇಳುವುದಿಲ್ಲ. ಆದರೆ ಟಿಕೇಟಿನ ದರ ಪಗಾರಕ್ಕಿಂತ ವೇಗವಾಗಿ ಏರಿತು. ಬೆಲೆಯೇರಿಕೆಯನ್ನೆಲ್ಲ ಲೆಕ್ಕಕ್ಕೆ ಹಿಡಿದರೂ ಟೇಲರ್ ಅವರು ಹೇಳಿದ 6 ಪೌಂಡು 2024ರಲ್ಲಿ 20 ಪೌಂಡನ್ನು ಮೀರುವುದಿಲ್ಲ. ಅದೇ 2024ರ ನವೆಂಬರಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ಬು, ಆ ವರ್ಷದ ಆಟಗಳಿಗೆ ಉಳಿದಿದ್ದ ಸದಸ್ಯರ ಟಿಕೇಟಿಗೆ 66 ಪೌಂಡು ಗೊತ್ತುಮಾಡಿತು. ಮಕ್ಕಳಿಗೂ ಮುದುಕರಿಗೂ ರಿಯಾಯಿತಿ ಇಲ್ಲ.

ಗಾಜಿನ ಕೋಣೆಯ ಅತಿಥಿಗಳು

ಈಗ 'ಕಾರ್ಪೊರೇಟ್ ಹಾಸ್ಪಿಟಾಲಿಟಿ' ಎಂದರೇನೆಂಬುದನ್ನು ನೋಡೋಣ. ಮಾತಿನ ಅರ್ಥ ಕಂಪೆನಿ ಆತಿಥ್ಯ. ಒಂದು ಕಂಪೆನಿಯು ತನ್ನ ಗಿರಾಕಿಗಳನ್ನು, ಗಿರಾಕಿಗಳಾಗಬಹುದಾದವರನ್ನು ಅಥವಾ ತನ್ನ ಮೇಲಧಿಕಾರಿಗಳನ್ನು ಸಂತೋಷಪಡಿಸಲು ಆಟಕ್ಕೆ ಕರೆದೊಯ್ಯುತ್ತದೆ. ಅದಕ್ಕಾಗಿ ಕ್ಲಬ್ಬು ಎರಡು ಬಗೆಯ ಏರ್ಪಾಡು ಮಾಡಿರುತ್ತದೆ. ಒಂದು, ಬಯಲಿನ ಕಡೆಗೆ ಗಾಜಿರುವ ಖಾಸಗಿ ಕೋಣೆ. ಕೆಲವೇ ಮಂದಿ ಕೂರುವಂಥದು, ವರ್ಷಕ್ಕೋ ಹಲವು ವರ್ಷಕ್ಕೋ ಬಾಡಿಗೆಗೆ ಕೊಡುವಂಥದು. ಇನ್ನೊಂದು, ಮೆತ್ತೆ ಹಾಕಿದ ಕುರ್ಚಿಗಳ ಸಾಲು ಮತ್ತು ಅದರ ಹಿಂದೆ ಭೋಜನಶಾಲೆ. ಆಟಕ್ಕೆ ಮುಂಚೆ ಊಟ, ವಿರಾಮದಲ್ಲಿ ಪಾನೀಯ, ಹಳೆಯ ಆಟಗಾರರೊಬ್ಬರಿಂದ ನಾಲ್ಕು ಮಾತು, ಹಸ್ತಾಕ್ಷರ, ಕಾರು ನಿಲ್ಲಿಸಲು ಜಾಗ, ಎಲ್ಲ ಸೇರಿ ಒಂದು ದರ. ಮಳೆಯಲ್ಲಿ ನೆನೆಯುವ ಪ್ರಮೇಯವೇ ಇಲ್ಲ.

ಇದರ ಆರಂಭವೂ ಮ್ಯಾಂಚೆಸ್ಟರಿನಲ್ಲೇ. 1966ರ ವಿಶ್ವಕಪ್ಪಿಗಾಗಿ ಓಲ್ಡ್ ಟ್ರಾಫರ್ಡ್ ಬಯಲನ್ನು ನವೀಕರಿಸಿದಾಗ ಬ್ರಿಟನ್ನಿನ ಕಾಲ್ಚೆಂಡಾಟದ ಮೊದಲ ಖಾಸಗಿ ಕೋಣೆಗಳನ್ನು ಅಲ್ಲಿ ಕಟ್ಟಿದರು. ಆಗ ಅದು ಒಂದು ಮೂಲೆಯ ಅಲಂಕಾರ. ಈಗ ಬಯಲುಗಳ ನಕ್ಷೆಯನ್ನೇ ಅದು ನಿರ್ಧರಿಸುತ್ತದೆ. ಆರ್ಸೆನಲ್ ಕ್ಲಬ್ಬು 38 ಸಾವಿರ ಮಂದಿ ಹಿಡಿಯುವ ಹೈಬರಿ ಬಯಲನ್ನು ಬಿಟ್ಟು 2006ರಲ್ಲಿ 60 ಸಾವಿರ ಮಂದಿಯ ಎಮಿರೇಟ್ಸ್ ಬಯಲಿಗೆ ಹೋದಾಗ, ನಡುವಿನ ಇಡೀ ಒಂದು ಸುತ್ತನ್ನು ಸುಮಾರು 7 ಸಾವಿರ ದುಬಾರಿ ಕುರ್ಚಿಗಳಿಗೆ ಮೀಸಲಿಟ್ಟಿತು; ಜೊತೆಗೆ 150ರಷ್ಟು ಗಾಜಿನ ಕೋಣೆಗಳು. 2007ರಲ್ಲಿ ತೆರೆದ ಹೊಸ ವೆಂಬ್ಲಿಯ 90 ಸಾವಿರ ಕುರ್ಚಿಗಳಲ್ಲಿ ಸುಮಾರು 17 ಸಾವಿರ ಈ ವರ್ಗದವು, ಅವೂ ನಟ್ಟನಡುವಿನ ಸುತ್ತಿನಲ್ಲಿ. ವಿರಾಮ ಮುಗಿದು ಆಟ ಮತ್ತೆ ಆರಂಭವಾದಾಗಲೂ ಆ ಸುತ್ತು ಬಹಳ ಹೊತ್ತು ಖಾಲಿಯಾಗಿರುವುದನ್ನು ದೂರದರ್ಶನದಲ್ಲಿ ಜಗತ್ತೆಲ್ಲ ಕಂಡಿತು. ಅತಿಥಿಗಳ ಉಪಾಹಾರ ಇನ್ನೂ ಮುಗಿದಿರುತ್ತಿರಲಿಲ್ಲ!

ಇಲ್ಲಿಯೇ ಸಿಗಡಿಯ ಕಥೆ ಬರುವುದು. 2000ದ ನವೆಂಬರಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡವು ಕೀವ್ ನಗರದ ಡೈನಮೋ ತಂಡವನ್ನು 1-0ಯಿಂದ ಗೆದ್ದಿತು. ಆಟದ ನಡುವೆ ತನ್ನವರೇ ಗೊಣಗಿದ್ದನ್ನು ಕೇಳಿ ಬೇಸತ್ತ ನಾಯಕ ರಾಯ್ ಕೀನ್ ಖಾರವಾಗಿ ಮಾತನಾಡಿದರು. ಇಲ್ಲಿಗೆ ಬರುವ ಕೆಲವರು ಒಂದಿಷ್ಟು ಕುಡಿದು, ಸಿಗಡಿಯ ಸ್ಯಾಂಡ್‌ವಿಚ್ ತಿಂದು ಕೂರುತ್ತಾರೆ, ಬಯಲಿನಲ್ಲಿ ಏನು ನಡೆಯುತ್ತಿದೆಯೆಂಬುದೇ ಅವರಿಗೆ ತಿಳಿಯುವುದಿಲ್ಲ ಎಂಬುದು ಅವರ ಮಾತಿನ ತಾತ್ಪರ್ಯ. ಅಂದಿನಿಂದ ಕಂಪೆನಿ ಅತಿಥಿಗಳಿಗೆ 'ಸಿಗಡಿ ಸ್ಯಾಂಡ್‌ವಿಚ್ಚಿನ ಮಂದಿ' ಎಂಬ ಹೆಸರು ನಿಂತುಹೋಯಿತು. ಕರಾವಳಿಯಿಂದ ಬಂದ ನಮ್ಮ ವಾಚಕರಿಗೆ ಸಿಗಡಿ ದಿನನಿತ್ಯದ ಪದಾರ್ಥ. ಅಲ್ಲಿ ಅದು ದೊಡ್ಡಸ್ತಿಕೆಯ ಗುರುತಾಯಿತು.

ಕಂಪೆನಿಗಳು ಇಷ್ಟು ಖರ್ಚು ಏಕೆ ಮಾಡುತ್ತವೆ ಎಂದು ಲೆಕ್ಕ ಬರೆಯುವವರು ಕೇಳದೆ ಇರಲಾರರು. ಬ್ರಿಟನ್ನಿನ ಕಾನೂನಿನಲ್ಲಿ ಗಿರಾಕಿಗಳ ಮನರಂಜನೆಯ ವೆಚ್ಚವನ್ನು ತೆರಿಗೆಯ ಲೆಕ್ಕದಲ್ಲಿ ಕಳೆಯಲು ಬರುವುದಿಲ್ಲ. ಲಂಚ ನಿಷೇಧಕ್ಕೆ 2010ರ ಕಾಯದೆಯೂ ಇದೆ. ಆದರೆ ವ್ಯಾಪಾರದ ಪರಿಚಯ ಬೆಳೆಸಲು ಮಿತಿಯೊಳಗಿನ ಆತಿಥ್ಯ ಮಾಡಿದರೆ ತಪ್ಪಿಲ್ಲವೆಂದು ಸರಕಾರವೇ ವಿವರಣೆ ಕೊಟ್ಟಿದೆ. ತೆರಿಗೆಯ ಅನುಕೂಲವಿಲ್ಲದಿದ್ದರೂ ಕಂಪೆನಿಗಳು ಕೋಣೆ ಹಿಡಿಯುತ್ತವೆಂದರೆ, ಕಚೇರಿಯಲ್ಲಿ ಆಗದ ಮಾತು ಊಟದ ಮೇಜಿನಲ್ಲಿ ಆಗುತ್ತದೆಂಬುದು ಅವಕ್ಕೆ ಗೊತ್ತು. ಒಂದು ದೊಡ್ಡ ಕಂತ್ರಾಟು ಕುದುರಿದರೆ ಕೋಣೆಯ ಬಾಡಿಗೆ ಗಿಟ್ಟಿತು. ಇಲ್ಲಿ ಗಮನಿಸತಕ್ಕದ್ದೇನೆಂದರೆ, ಕುರ್ಚಿಯಲ್ಲಿ ಕುಳಿತವನು ತನ್ನ ಜೇಬಿನಿಂದ ಹಣ ಕೊಟ್ಟವನಲ್ಲ. ಕೊಡುವವನು ಬೇರೆ, ಉಣ್ಣುವವನು ಬೇರೆಯಾದಾಗ ದರಕ್ಕೆ ಲಗಾಮು ಇರುವುದಿಲ್ಲ.

ದೂರದಿಂದ ಬಂದ ಅಭಿಮಾನಿ

ಎರಡನೆಯ ಬಗೆಯವರು ಪ್ರವಾಸಿ ಅಭಿಮಾನಿಗಳು. ಬ್ರಿಟನ್ನಿನ ಪ್ರವಾಸೋದ್ಯಮ ಸಂಸ್ಥೆಯ ಎಣಿಕೆಯಂತೆ 2019ರಲ್ಲಿ ಆ ದೇಶಕ್ಕೆ ಬಂದ ಸುಮಾರು 15 ಲಕ್ಷ ವಿದೇಶೀಯರು ಒಂದಾದರೂ ಕಾಲ್ಚೆಂಡಾಟದ ಪಂದ್ಯ ನೋಡಿದರು. ಇವರನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಐರ್ಲೆಂಡಿನಿಂದ ಹಡಗಿನಲ್ಲಿ ಸಮುದ್ರ ದಾಟಿ ಲಿವರ್‌ಪೂಲಿಗೂ ಮ್ಯಾಂಚೆಸ್ಟರಿಗೂ ಬರುವವರ ಪರಂಪರೆ ತಲೆಮಾರುಗಳಷ್ಟು ಹಳೆಯದು. ನಾರ್ವೆಯ ದೂರದರ್ಶನವು 1969ರ ನವೆಂಬರ್ 29ರಂದು ವುಲ್ವ್ಸ್ ಮತ್ತು ಸಂಡರ್‌ಲೆಂಡ್ ಪಂದ್ಯವನ್ನು ನೇರವಾಗಿ ತೋರಿಸಿತು. ಅಂದಿನಿಂದ ಪ್ರತಿ ಚಳಿಗಾಲದ ಶನಿವಾರ ಆ ದೇಶದ ಮನೆಗಳಲ್ಲಿ ಇಂಗ್ಲಿಷ್ ಆಟ ನೋಡುವುದೇ ಒಂದು ಸಂಪ್ರದಾಯವಾಯಿತು. ಅಲ್ಲಿಂದ ವರ್ಷವರ್ಷವೂ ತಪ್ಪದೆ ಬರುವವರನ್ನು ಪ್ರವಾಸಿಯೆನ್ನುವುದೋ, ಮನೆಯವರೆನ್ನುವುದೋ?

ಇನ್ನು ಕೆಲವರು ಒಮ್ಮೆ ಮಾತ್ರ ಬರುತ್ತಾರೆ. ಲಂಡನ್ ಗೋಪುರ ನೋಡಿದಂತೆ, ಅರಮನೆ ನೋಡಿದಂತೆ ಆಟವನ್ನೂ ನೋಡಿ ಹೋಗುತ್ತಾರೆ. ಎರಡೂ ತಂಡದ ಹೆಸರು ಅರ್ಧರ್ಧ ನೇಯ್ದ ಕೊರಳಪಟ್ಟಿ ಕೊಳ್ಳುತ್ತಾರೆ. ಸ್ಥಳೀಯರಿಗೆ ಆ ಪಟ್ಟಿ ಕಂಡರೆ ಮೈಯೆಲ್ಲ ಉರಿ. ಗೋಲಿನ ಹೊತ್ತಿಗೆ ಕೈಯಲ್ಲಿ ಮೊಬೈಲು ಎತ್ತಿ ಚಿತ್ರ ತೆಗೆಯುತ್ತಾರೆ. ಹಾಡು ಗೊತ್ತಿಲ್ಲ, ಆದುದರಿಂದ ಹಾಡುವುದಿಲ್ಲ. ಇದು ಅವರ ಅಪರಾಧವೆಂದು ನಮಗೆ ತೋರುವುದಿಲ್ಲ. ಹತ್ತು ವರ್ಷ ಪರದೆಯ ಮೇಲೆ ಕಂಡದ್ದನ್ನು ಒಮ್ಮೆ ಕಣ್ಣಾರೆ ಕಾಣಬೇಕೆಂದು ಹಣ ಕೂಡಿಟ್ಟು ಬಂದವನಲ್ಲಿ ಭಕ್ತಿ ಇಲ್ಲವೆನ್ನಲಾದೀತೇ? ಊರು ಬಿಟ್ಟು ಬಂದ ನಾವು ದೂರದ ಪ್ರೀತಿಯನ್ನು ಹಗುರವಾಗಿ ಕಾಣುವುದು ತರವಲ್ಲ.

ವಿಚಿತ್ರವಾದ ಇನ್ನೊಂದು ಸಂಗತಿಯುಂಟು. ಇಂಗ್ಲೆಂಡಿನಲ್ಲಿ ಶನಿವಾರ ಮಧ್ಯಾಹ್ನ 2-45ರಿಂದ 5-15ರವರೆಗೆ ಕಾಲ್ಚೆಂಡಾಟವನ್ನು ದೂರದರ್ಶನದಲ್ಲಿ ನೇರ ಪ್ರಸಾರ ಮಾಡುವಂತಿಲ್ಲ. ಜನ ಮನೆಯಲ್ಲೇ ಕುಳಿತರೆ ಸಣ್ಣ ಕ್ಲಬ್ಬುಗಳ ಬಯಲು ಬರಿದಾದೀತೆಂದು 1960ರ ದಶಕದಲ್ಲಿ ಬಂದ ನಿಯಮವಿದು. ಹೊರದೇಶಗಳಿಗೆ ಈ ನಿರ್ಬಂಧವಿಲ್ಲ. ಆದ್ದರಿಂದ 3 ಗಂಟೆಯ ಆಟವನ್ನು ಮುಂಬಯಿಯಲ್ಲಿ ಕುಳಿತವನು ನೋಡಬಲ್ಲ. ಟಿಕೇಟು ಎಟುಕದ ಮ್ಯಾಂಚೆಸ್ಟರಿನ ಕೆಲಸಗಾರ ಅದೇ ಬಯಲಿನ ಪಕ್ಕದ ಬೀದಿಯಲ್ಲಿದ್ದೂ ನೋಡಲಾರ.

ಲೆಕ್ಕದ ಪುಸ್ತಕ ಏನು ಹೇಳುತ್ತದೆ?

ಕ್ಲಬ್ಬಿನವರು ಹಳೆಯ ಅಭಿಮಾನಿಯನ್ನು ದ್ವೇಷಿಸುತ್ತಾರೆಂದೇನೂ ಅಲ್ಲ. ಅವರ ಲೆಕ್ಕದ ಪುಸ್ತಕ ಬೇರೆ ಮಾತು ಹೇಳುತ್ತದೆ, ಅಷ್ಟೇ. ತಿಳಿಯಲು ಸುಲಭವಾಗಲೆಂದು ಒಂದು ಕಲ್ಪಿತ ಉದಾಹರಣೆ ಕೊಡುತ್ತೇವೆ. ಪ್ರೀಮಿಯರ್ ಲೀಗಿನಲ್ಲಿ ಒಂದು ತಂಡಕ್ಕೆ ವರ್ಷಕ್ಕೆ ಸ್ವಂತ ಬಯಲಿನಲ್ಲಿ 19 ಆಟ. ವರ್ಷದ ಟಿಕೇಟು ಕೊಂಡ ಸ್ಥಳೀಯನಿಗೆ ಆಟವೊಂದಕ್ಕೆ 40 ಪೌಂಡು ಬೀಳುತ್ತದೆಂದು ಇಟ್ಟುಕೊಳ್ಳಿ. ಅವನು 19 ಸಲವೂ ಬರುತ್ತಾನೆ, ಹೊರಗೆ ಚಹಾ ಕುಡಿಯುತ್ತಾನೆ, ಹತ್ತು ವರ್ಷದ ಹಳೆಯ ಕೊರಳಪಟ್ಟಿಯನ್ನೇ ಸುತ್ತಿಕೊಳ್ಳುತ್ತಾನೆ. ವರ್ಷಕ್ಕೆ ಕ್ಲಬ್ಬಿಗೆ 760 ಪೌಂಡು. ಅದೇ ಕುರ್ಚಿಗೆ 19 ಬೇರೆ ಬೇರೆ ಪ್ರವಾಸಿಗಳು ಬಂದರೆ? ಟಿಕೇಟಿಗೆ 70, ಹೊಸ ಅಂಗಿಗೆ 80, ಬಯಲು ಸುತ್ತಿ ನೋಡಲು 30. ಒಬ್ಬನಿಂದ 180 ಪೌಂಡು, ವರ್ಷಕ್ಕೆ 3,420. ಅದೇ ಜಾಗದಲ್ಲಿ ಕಂಪೆನಿ ಅತಿಥಿಯನ್ನು ಕೂರಿಸಿದರೆ ಇನ್ನೂ ಹೆಚ್ಚು. ಈ ಅಂಕಿಗಳು ನಾವು ಕಟ್ಟಿಕೊಂಡವು. ಆದರೆ ತರ್ಕ ಕ್ಲಬ್ಬುಗಳದೇ.

ಪುಸ್ತಕದಲ್ಲಿ ಈ ಲೆಕ್ಕ ತಾಳೆಯಾಗುತ್ತದೆ. ಆದರೂ ಇದರಲ್ಲಿ ಒಂದು ಕಲಮು ಬಿಟ್ಟುಹೋಗಿದೆ. ಗಾಜಿನ ಕೋಣೆಯ ಅತಿಥಿಯೂ ಸಾವಿರಾರು ಮೈಲಿಯಿಂದ ಬಂದ ಪ್ರವಾಸಿಯೂ ಹಣ ಕೊಟ್ಟದ್ದು ಯಾವುದಕ್ಕೆ? ಆಟಕ್ಕೆ ಮಾತ್ರವೇ ಆಗಿದ್ದರೆ ಪರದೆಯ ಮೇಲೆ ಅದು ಇನ್ನೂ ಚೆನ್ನಾಗಿ ಕಾಣುತ್ತದೆ. ಅವರು ಬಂದದ್ದು ಆ ಗದ್ದಲಕ್ಕೆ. ಸಾವಿರಾರು ಕಂಠ ಒಂದಾಗಿ ಹಾಡುವುದನ್ನು ಕೇಳಿ ಮೈನವಿರೇಳಿಸಿಕೊಳ್ಳುವುದಕ್ಕೆ. ಆ ಹಾಡು ಯಾರದು? ಚಹಾ ಹೊರಗೆ ಕುಡಿದು ಹಳೆಯ ಪಟ್ಟಿ ಸುತ್ತಿಕೊಂಡು ಬಂದವನದು. ಅಂದರೆ ಕ್ಲಬ್ಬು ಮಾರುತ್ತಿರುವ ಸರಕಿನ ಅರ್ಧಭಾಗವನ್ನು ತಯಾರಿಸುವವನೇ ಅವನು. ಅದಕ್ಕೆ ಅವನಿಗೆ ಪಗಾರವಿಲ್ಲ. ಬದಲಿಗೆ ಅವನೇ ಹಣ ಕೊಟ್ಟು ಒಳಗೆ ಬರುತ್ತಾನೆ. ಇಂಥ ಕೆಲಸಗಾರ ಯಾವ ಗಿರಣಿಗೆ ಸಿಕ್ಕಾನು! ಅವನನ್ನೇ ಹೊರಗಟ್ಟಿದರೆ ಬಿತ್ತನೆಯ ಕಾಳನ್ನು ಕುಟ್ಟಿ ಉಂಡ ಹಾಗೆ.

ಇದಕ್ಕೆ ನಿದರ್ಶನ ಬೇಕಿದ್ದರೆ 2020ನೆಯ ಇಸವಿಯನ್ನು ನೆನೆಯಬಹುದು. ಕೊರೊನಾ ಹಾವಳಿಯಿಂದ ನಿಂತಿದ್ದ ಪ್ರೀಮಿಯರ್ ಲೀಗ್ ಜೂನ್ 17ರಂದು ಪ್ರೇಕ್ಷಕರಿಲ್ಲದೆ ಮತ್ತೆ ಆರಂಭವಾಯಿತು. ಆಟಗಾರರು ಅವರೇ, ಚೆಂಡು ಅದೇ. ಆದರೆ ನೋಡುವವರಿಗೆ ಸಪ್ಪೆಯೆನಿಸಿ, ದೂರದರ್ಶನದವರು ಹಿಂದೆ ಮುದ್ರಿಸಿಟ್ಟ ಜನರ ಗದ್ದಲವನ್ನು ಆಟದ ಹಿಂದೆ ಕೂಡಿಸಬೇಕಾಯಿತು. ಬಿಟ್ಟಿಯಾಗಿ ದೊರೆಯುತ್ತಿದ್ದ ಆ ಸದ್ದಿನ ಬೆಲೆ ಅಂದು ಎಲ್ಲರಿಗೂ ತಿಳಿಯಿತು.

ಮನೆಯೇ ಪರರ ಪಾಲಾದಾಗ

ಸ್ಪೇನಿನ ಬಾರ್ಸಿಲೋನಾ ಕ್ಲಬ್ಬಿನ ಪ್ರಸಂಗವಂತೂ ಇನ್ನೂ ಬೋಧಪ್ರದ. ಆ ಕ್ಲಬ್ಬಿಗೆ ಸದಸ್ಯರೇ ಒಡೆಯರು. ವರ್ಷದ ಕುರ್ಚಿ ಹೊಂದಿದ ಸದಸ್ಯನು ತಾನು ಬಾರದ ದಿನ ಅದನ್ನು ಬಿಟ್ಟುಕೊಟ್ಟರೆ, ಕ್ಲಬ್ಬು ಅದನ್ನು ಮಾರಿ ಅವನಿಗೂ ಪಾಲು ಕೊಡುವ ಏರ್ಪಾಡು ಅಲ್ಲಿದೆ. ಕೊಳ್ಳುವವರು ಹೆಚ್ಚಾಗಿ ಪ್ರವಾಸಿಗಳು. 2022ರ ಏಪ್ರಿಲ್ 14ರಂದು ಜರ್ಮನಿಯ ಫ್ರಾಂಕ್‌ಫರ್ಟ್ ತಂಡ ಅಲ್ಲಿಗೆ ಆಡಲು ಬಂತು. ಎದುರಾಳಿಯ ಅಭಿಮಾನಿಗಳಿಗೆ ಕೊಟ್ಟದ್ದು ಸುಮಾರು 5 ಸಾವಿರ ಟಿಕೇಟು. ಒಳಗೆ ನೋಡಿದರೆ ಬಿಳಿ ಅಂಗಿ ತೊಟ್ಟ ಜರ್ಮನರು ಸುಮಾರು 30 ಸಾವಿರ! ಸದಸ್ಯರು ಬಿಟ್ಟ, ಮಾರಿದ ಟಿಕೇಟುಗಳೆಲ್ಲ ಕೈಯಿಂದ ಕೈಗೆ ದಾಟಿ ಎದುರಾಳಿಗಳ ಕೈ ಸೇರಿದ್ದವು. ಸ್ವಂತ ಬಯಲಿನಲ್ಲೇ ಪರದೇಶಿಗಳಾದ ಬಾರ್ಸಿಲೋನಾದವರು 3-2ರಿಂದ ಸೋತರು. ನಾಚಿಕೆಯಾಯಿತೆಂದು ಕ್ಲಬ್ಬಿನ ಅಧ್ಯಕ್ಷರೇ ಹೇಳಬೇಕಾಯಿತು. ಇಲ್ಲಿ ತಪ್ಪು ಕಂಪೆನಿಯದೂ ಅಲ್ಲ, ಪ್ರವಾಸಿಯದೂ ಅಲ್ಲ. ನಾಲ್ಕು ಕಾಸಿಗೆ ತಮ್ಮ ಜಾಗವನ್ನು ಬಿಟ್ಟುಕೊಟ್ಟವರು ಮನೆಯವರೇ.

ಜನ ಸುಮ್ಮನಿದ್ದಾರೆಯೇ?

ಇಲ್ಲ. 2005ರಲ್ಲಿ ಅಮೆರಿಕದ ಗ್ಲೇಜರ್ ಮನೆತನವು ಮ್ಯಾಂಚೆಸ್ಟರ್ ಯುನೈಟೆಡನ್ನು ಕೊಂಡು, ಕೊಂಡ ಸಾಲವನ್ನು ಕ್ಲಬ್ಬಿನ ತಲೆಗೇ ಕಟ್ಟಿದಾಗ, ಸಿಟ್ಟಾದ ಅಭಿಮಾನಿಗಳು ಬೇರೆ ಹೋಗಿ ಎಫ್.ಸಿ. ಯುನೈಟೆಡ್ ಎಂಬ ತಮ್ಮದೇ ಕ್ಲಬ್ಬು ಕಟ್ಟಿದರು. ಅಲ್ಲಿ ಸದಸ್ಯನೊಬ್ಬನಿಗೆ ಒಂದೇ ಮತ. ನಮ್ಮ ಸಹಕಾರಿ ಸಂಘಗಳ ಮಾದರಿಯೇ ಎನ್ನಬಹುದು. 2015ರಲ್ಲಿ ಅವರು ಸ್ವಂತ ಬಯಲನ್ನೂ ಕಟ್ಟಿಕೊಂಡರು.

2016ರ ಫೆಬ್ರವರಿ 6ರಂದು ಲಿವರ್‌ಪೂಲಿನಲ್ಲಿ ನಡೆದದ್ದು ಇನ್ನೂ ಪರಿಣಾಮಕಾರಿ. ಕ್ಲಬ್ಬು ಹೊಸ ಕಟ್ಟಡದ ದುಬಾರಿ ಟಿಕೇಟಿಗೆ 77 ಪೌಂಡು ಇಡುವುದಾಗಿ ಸಾರಿತ್ತು. ಸಂಡರ್‌ಲೆಂಡ್ ವಿರುದ್ಧದ ಆಟದಲ್ಲಿ 77ನೆಯ ನಿಮಿಷ ಬಂದಾಗ ಸುಮಾರು 10 ಸಾವಿರ ಮಂದಿ ಎದ್ದು ಹೊರನಡೆದರು. ಆಗ ಲಿವರ್‌ಪೂಲ್ 2-0ಯಿಂದ ಮುಂದಿತ್ತು; ಜನ ಹೋದ ಮೇಲೆ ಎರಡು ಗೋಲು ತಿಂದು ಆಟ 2-2 ಆಯಿತು. ನಾಲ್ಕು ದಿನಗಳೊಳಗೆ ಒಡೆಯರು ಕ್ಷಮೆ ಕೇಳಿ ದರವನ್ನು ಹಿಂದೆಗೆದುಕೊಂಡರು. ಅದೇ ವರ್ಷ ಪ್ರೀಮಿಯರ್ ಲೀಗಿನ ಕ್ಲಬ್ಬುಗಳು, ತಂಡದ ಹಿಂದೆ ಪರಊರಿಗೆ ಹೋಗುವ ಅಭಿಮಾನಿಗಳ ಟಿಕೇಟು 30 ಪೌಂಡು ಮೀರಬಾರದೆಂದು ಒಪ್ಪಿಕೊಂಡವು. ಹೆಚ್ಚು ಹಾಡುವವರು ಆ ಪರಊರಿನ ಅಭಿಮಾನಿಗಳೇ. ಅವರಿಲ್ಲದೆ ರಂಗೇರುವುದಿಲ್ಲವೆಂಬುದು ಕ್ಲಬ್ಬುಗಳಿಗೂ ಹೊಳೆಯಿತೆಂದು ಕಾಣುತ್ತದೆ. 2022ರಿಂದ ಇಂಗ್ಲೆಂಡಿನ ದೊಡ್ಡ ಬಯಲುಗಳಲ್ಲಿ, ಹಿಡಿಕಂಬಿಗಳಿರುವ ಸುರಕ್ಷಿತ ಭಾಗಗಳಲ್ಲಿ ನಿಂತು ನೋಡಲು ಮತ್ತೆ ಅನುಮತಿ ದೊರೆತಿದೆ.

ಜರ್ಮನಿಯವರ ದಾರಿ ಬೇರೆ. 1998ರಿಂದ ಅಲ್ಲಿ ಕ್ಲಬ್ಬಿನ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸದಸ್ಯರ ಕೈಯಲ್ಲೇ ಇರಬೇಕೆಂಬ ನಿಯಮವುಂಟು, ಒಂದೆರಡು ಅಪವಾದಗಳಿವೆ. ಡಾರ್ಟ್ಮಂಡ್ ಬಯಲಿನ ದಕ್ಷಿಣ ಕಟ್ಟೆಯಲ್ಲಿ ಸುಮಾರು 25 ಸಾವಿರ ಮಂದಿ ನಿಂತು ಆಟ ನೋಡುತ್ತಾರೆ. ಟಿಕೇಟು ಇಂಗ್ಲೆಂಡಿಗಿಂತ ಬಹಳ ಅಗ್ಗ. ಅಲ್ಲಿಯೂ ಗಾಜಿನ ಕೋಣೆಗಳಿವೆ, ಅತಿಥಿಗಳಿದ್ದಾರೆ. ಆದರೆ ಅವರ ಹಣದಿಂದ ಕಟ್ಟೆಯ ದರ ತಗ್ಗಿಸುತ್ತಾರೆಯೇ ಹೊರತು ಕಟ್ಟೆಯನ್ನೇ ಒಡೆಯುವುದಿಲ್ಲ. ತಮಾಷೆಯೆಂದರೆ, ತಮ್ಮೂರಿನಲ್ಲಿ ಟಿಕೇಟು ಎಟುಕದ ಇಂಗ್ಲಿಷರು ಈಗ ವಿಮಾನ ಹತ್ತಿ ಆ ಕಟ್ಟೆಗೆ ಹೋಗುತ್ತಾರೆ. ತಮ್ಮಲ್ಲಿ ಕಳೆದದ್ದನ್ನು ನೋಡಲು ಹೋದ ಅವರೂ ಅಲ್ಲಿ ಪ್ರವಾಸಿಗಳೇ!

ಇದರಿಂದ ನಾವು ತಿಳಿಯತಕ್ಕದ್ದು

ಕಾಲ್ಚೆಂಡಾಟ ನಮಗೂ ಹೊರಗಿನದಲ್ಲ. 1891ರಲ್ಲಿ ಮುಂಬಯಿಯಲ್ಲಿ ಆರಂಭವಾದ ರೋವರ್ಸ್ ಕಪ್ಪನ್ನು ಬಹುಕಾಲ ಗೋರಾ ಪಲ್ಟನ್ನುಗಳೇ ಗೆಲ್ಲುತ್ತಿದ್ದವು. 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ತಂಡ ನಮ್ಮ ಬೆಂಗಳೂರು ಮುಸ್ಲಿಮ್ಸ್. ಪರದೇಶದ ದೊಡ್ಡ ಕ್ಲಬ್ಬುಗಳನ್ನು ಮೆಚ್ಚುವ ತರುಣರು ಈ ಹೆಸರನ್ನೂ ನೆನಪಿನಲ್ಲಿಡುವುದು ಒಳ್ಳೆಯದು.

ಮುಂದೆ ನಮ್ಮಲ್ಲಿ ಯಾರಿಗಾದರೂ ಆ ಬಯಲುಗಳಿಗೆ ಹೋಗುವ ಯೋಗ ಬಂದರೆ ಸಂಕೋಚಪಡಬೇಕಾದ್ದಿಲ್ಲ. ಅತಿಥಿಗೊಂದು ಧರ್ಮವಿದೆ, ಅದನ್ನು ನಡೆಸಿದರೆ ಸಾಕು. ಕಳ್ಳಸಂತೆಯ ಟಿಕೇಟು ಕೊಳ್ಳಬಾರದು; ಅದು ಯಾರದೋ ಮಗುವಿನ ಜಾಗವಾಗಿರಬಹುದು. ದೊಡ್ಡ ಕ್ಲಬ್ಬಿನ ಒಂದು ಟಿಕೇಟಿನ ಹಣದಲ್ಲಿ ಕೆಳಗಿನ ದರ್ಜೆಯ ಊರ ತಂಡಗಳ ಎರಡು ಮೂರು ಆಟ ನೋಡಬಹುದು. ಅಲ್ಲಿ ಕುರ್ಚಿ ಖಾಲಿ ಇರುತ್ತದೆ, ನಮ್ಮ ಕಾಸಿನ ಅಗತ್ಯವೂ ಇರುತ್ತದೆ. ಪಕ್ಕದವನು ಎದ್ದು ನಿಂತರೆ ನಾವೂ ನಿಲ್ಲೋಣ, ಹಾಡು ಬಾರದಿದ್ದರೆ ಚಪ್ಪಾಳೆಯನ್ನಾದರೂ ತಟ್ಟೋಣ, ಮೊಬೈಲು ಜೇಬಿನಲ್ಲಿರಲಿ.

ಇನ್ನು ಹೋಗದವರಿಗೂ ಇದರಲ್ಲಿ ತಿಳಿವಳಿಕೆಯಿದೆ. ಮುಂಬಯಿಯ ಗಿರಣಗಾಂವಿನಲ್ಲಿ ಗಿರಣಿಗಳಿದ್ದ ನೆಲದ ಮೇಲೆ ಇಂದು ಮಾಲುಗಳೂ ಗೋಪುರಗಳೂ ನಿಂತಿವೆ. ಕೆಲಸಗಾರರು ಬೆವರು ಸುರಿಸಿ ಒಂದು ಜಾಗಕ್ಕೆ ಹೆಸರು ತರುತ್ತಾರೆ. ಹೆಸರು ಬಂದ ಮೇಲೆ ಜಾಗದ ಬೆಲೆ ಏರುತ್ತದೆ. ಬೆಲೆ ಏರಿದ ಮೇಲೆ ಅವರಿಗೇ ಅಲ್ಲಿ ಜಾಗವಿಲ್ಲ. ಆಟದ ಬಯಲಿಗೂ ಇದೇ ಗತಿಯಾಗಬೇಕೆಂಬ ವಿಧಿಲಿಖಿತವೇನೂ ಇಲ್ಲವೆಂದು ಲಿವರ್‌ಪೂಲಿನವರು ಎದ್ದುಹೋಗಿ ತೋರಿಸಿದರು, ಜರ್ಮನಿಯವರು ನಿಯಮ ಮಾಡಿ ತೋರಿಸಿದರು. ಅತಿಥಿಗಳು ಬರಲಿ, ದೂರದವರೂ ಬರಲಿ, ಹೆಚ್ಚು ಕೊಡಬಲ್ಲವರು ಹೆಚ್ಚು ಕೊಡಲಿ. ಆದರೆ ಚಪ್ಪರ ಹಾಕಿದವನಿಗೂ ಅವನ ಮಕ್ಕಳಿಗೂ ಒಂದು ಎಲೆ ಹಾಕಿದ ಮೇಲೆಯೇ ಉಳಿದ ಎಲೆಗಳನ್ನು ಮಾರಬೇಕು. ಲಾಭದ ಲೆಕ್ಕ ಹಾಕುವವರು ಇಷ್ಟನ್ನು ಮರೆಯದಿದ್ದರೆ ಆಟವೂ ಉಳಿದೀತು, ಹಾಡೂ ಉಳಿದೀತು.